ಗೌರಿ, ಚಿನ್ನಿ ಜಗಳ: ಇಲ್ಲಿಯವರೆಗೆ ಏನಾಯಿತು

ಹೋದ ಸಲ ಬರೆದ ಮೇಲೆ ನಮ್ಮ ಮನೆಯ ಎರಡು ನಾಯಿಗಳ ನಡುವೆ ರಕ್ತ ಬರುವಂಥ ಜಗಳ ಆಗಿಲ್ಲ. ಗುರ್ ಅನ್ನುವುದು ನಿಂತಿಲ್ಲ, ನಿಲ್ಲಲಿ ಅಂತ ನನಗೂ ಇಲ್ಲ. ‘ದೂರ ಇರು’ ಅಂತ ಹೇಳುವುದಕ್ಕೆ ನಾಯಿಗೆ ಇರುವ ದಾರಿ ಅದು. ಅದಕ್ಕೂ ಗದರಿದರೆ ಬಾಯಿ ಮುಚ್ಚುತ್ತದೆ, ಸಿಟ್ಟು ಒಳಗೇ ಉಳಿಯುತ್ತದೆ. ಆಮೇಲೆ ಎಚ್ಚರಿಕೆ ಕೊಡದೆ ನೇರ ಕಚ್ಚುತ್ತದೆ.

ಹೊಸದಾಗಿ ಓದುವವರಿಗೆ: ಗೌರಿ ವಯಸ್ಸಾದ ನಾಟಿ ನಾಯಿ. ಚಿನ್ನಿ ಆಮೇಲೆ ಬಂದ ಮುಧೋಳ, ಇನ್ನೂ ಎಳೆಯವಳು. ಇಬ್ಬರೂ ಹೆಣ್ಣು. ಒಂದೇ ಮನೆಯಲ್ಲಿ ಕಚ್ಚಾಡುವ 38 ಜೋಡಿ ನಾಯಿಗಳ ಬಗ್ಗೆ 2011ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರ ಅಧ್ಯಯನ ಬಂದಿತ್ತು. ಅದರಲ್ಲಿ ಗಂಡು-ಹೆಣ್ಣು ಜೋಡಿ ಕಡಿಮೆ, ಒಂದೇ ಲಿಂಗದವು ಜಾಸ್ತಿ. ಜಗಳ ತೆಗೆಯುವುದು ಹೆಚ್ಚಾಗಿ ಆಮೇಲೆ ಬಂದ ನಾಯಿ. ಕಾರಣ ಮನೆಯವರ ಗಮನ, ಊಟ, ಸಡಗರ, ಎಲ್ಲೋ ಸಿಕ್ಕ ಸಾಮಾನು. ನಮ್ಮ ಮನೆಯನ್ನೇ ನೋಡಿ ಬರೆದ ಹಾಗಿದೆ!

ಎಲ್ಲಿ, ಯಾವಾಗ ಜಗಳ ಹತ್ತುತ್ತದೆ ಅಂತ ಬರೆದಿಡುತ್ತಿದ್ದೇನೆ. ತಟ್ಟೆಯ ಹತ್ತಿರ ಅಂದುಕೊಂಡಿದ್ದೆವು. ಆದರೆ ಹೆಚ್ಚಿನವು ಅಡುಗೆಮನೆಯಿಂದ ನಡುಮನೆಗೆ ಬರುವ ಇಕ್ಕಟ್ಟಾದ ಜಾಗದಲ್ಲಿ, ಸಂಜೆ ಕಾಲಿಂಗ್ ಬೆಲ್ ಆದ ಕೂಡಲೇ. ಇಬ್ಬರೂ ಬಾಗಿಲಿಗೆ ಓಡುತ್ತಾರೆ, ಒಬ್ಬಳಿಗೆ ದಾರಿ ಇರುವುದಿಲ್ಲ.

ಅಲ್ಲಿ ನಿಂತು ನೋಡಿದರೆ ಎಲ್ಲ ಗೊತ್ತಾಗುತ್ತದೆ. ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಿದ್ದ ಚಿನ್ನಿಯ ಬಾಯಿ ಟಪ್ ಅಂತ ಮುಚ್ಚುತ್ತದೆ. ಬಾಲ ಮೇಲೆದ್ದು ಕೋಲಿನ ಹಾಗೆ ಸೆಟೆಯುತ್ತದೆ. ಗೌರಿ ಮುಖ ಆ ಕಡೆ ತಿರುಗಿಸಿ ತುಟಿ ನೆಕ್ಕುತ್ತಾಳೆ, ಕಣ್ಣಂಚಿನ ಬಿಳಿ ಕಾಣುತ್ತದೆ. ಗುರ್ ಬರುವುದು ಇದೆಲ್ಲ ಆದ ಮೇಲೆ. ಬಾಯಿ ಮುಚ್ಚಿದ್ದು ಕಂಡ ಕೂಡಲೇ ಚಿನ್ನಿಯನ್ನು ಹಿತ್ತಲ ಕಡೆಯಿಂದ ಖುಷಿಯಾಗಿ ಕೂಗುತ್ತೇನೆ. ಬಂದರೆ ಕೋಳಿ ತುಣುಕು.

ಆ ಜಾಗಕ್ಕೆ ಈಗ ಗ್ರಿಲ್ ಗೇಟ್ ಬಂದಿದೆ. ಊಟ ಬೇರೆ ಬೇರೆ ರೂಮಿನಲ್ಲಿ, ಮುಗಿದ ತಕ್ಷಣ ತಟ್ಟೆ ಎತ್ತಿಡುತ್ತೇವೆ. ಮೂಳೆ ಬಾಗಿಲು ಹಾಕಿದ ಮೇಲಷ್ಟೇ.

ಈ ತಿಂಗಳ ದೊಡ್ಡ ಸುದ್ದಿ ಗೌರಿಯದು. ಅವಳ ಹಿಂಗಾಲಿನ ಕೀಲಿನಲ್ಲಿ ಸವೆತ ಇದೆ ಅಂತ ಡಾಕ್ಟರ್ ಹೇಳಿದರು. ಚಿನ್ನಿ ಮೈಗೆ ತಗುಲಿದರೆ ನೋವಾಗುತ್ತಿತ್ತು, ಪಾಪ. ಔಷಧಿ ಶುರುವಾದ ಮೇಲೆ ಅವಳ ಸಿಡುಕು ಎದ್ದು ಕಾಣುವಷ್ಟು ಕಡಿಮೆಯಾಗಿದೆ. ಜಗಳ ಇದ್ದಕ್ಕಿದ್ದ ಹಾಗೆ ಶುರುವಾದರೆ ಮೊದಲು ಡಾಕ್ಟರಿಗೆ ತೋರಿಸಿ. ನಮ್ಮ ನೋವಿನ ಮಾತ್ರೆ ಮಾತ್ರ ಕೊಡಬೇಡಿ, ನಾಯಿಗೆ ಅದು ವಿಷ ಆಗಬಹುದು.

‘ಬಿಟ್ಟುಬಿಡಿ, ಅವೇ ತೀರ್ಮಾನ ಮಾಡಿಕೊಳ್ಳುತ್ತವೆ’ ಅಂತ ತುಂಬ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪ್ರತಿ ಜಗಳವೂ ಮುಂದಿನ ಜಗಳವನ್ನು ಸುಲಭ ಮಾಡುತ್ತದೆ. ಬಿಡಿಸಲು ಕೈ ಹಾಕಬೇಡಿ, ಕೊರಳಪಟ್ಟಿಗಂತೂ ಬೇಡವೇ ಬೇಡ. ಅಮ್ಮ ಬಾಗಿಲ ಮೂಲೆಯಲ್ಲಿ ಒಂದು ಪ್ಲೈವುಡ್ ಹಲಗೆ ಇಟ್ಟಿದ್ದಾರೆ, ನಡುವೆ ತೂರಿಸಲು. ಯಾರಿಗಾದರೂ ಹಲ್ಲು ತಗುಲಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಈಗ ಬೆಲ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಸಣ್ಣಗೆ ಹಾಕುತ್ತಿದ್ದೇವೆ. ಗೇಟಿನ ಆಚೆ ಒಬ್ಬಳು, ಈಚೆ ಒಬ್ಬಳು, ತಮ್ಮ ತಮ್ಮ ಚಾಪೆ ಮೇಲೆ. ಸದ್ದು ಬಂದರೆ ತಿಂಡಿ. ಚಿನ್ನಿ ಈಗ ಎದ್ದು ನಿಂತರೂ ಓಡುವುದಿಲ್ಲ. ಮುಂದಿನ ವಾರ ಸದ್ದು ಸ್ವಲ್ಪ ಜೋರು ಮಾಡುತ್ತೇವೆ. ಗೇಟ್ ಇನ್ನೂ ತೆಗೆಯುವುದಿಲ್ಲ.