ಹಚ್ಚೆ ತೆಗೆಸೋಕೆ ಎಷ್ಟು ದಿನ ಬೇಕು?

"ಟ್ಯಾಟೂ ತೆಗೆಸ್ಬೇಕಿತ್ತು, ಎಷ್ಟ್ ದಿನ ಆಗ್ತದೆ?" ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಕೇಳುವುದು ಹೆಚ್ಚಾಗಿ ಹೀಗೇ. ನೌಕಾಪಡೆಗೆ ಅರ್ಜಿ ಹಾಕಿದ ಹುಡುಗರು, ಮದುವೆ ಗೊತ್ತಾದ ಮೇಲೆ ಹಳೆಯ ಹೆಸರು ತೋಳಲ್ಲಿ ಉಳಿದವರು, ಗೋಕರ್ಣಕ್ಕೆ ಹೋದಾಗ ಗೆಳೆಯರ ಜೊತೆ ಹಾಕಿಸಿಕೊಂಡು ಬಂದವರು, ಎಲ್ಲರೂ ದಿನದ ಲೆಕ್ಕವನ್ನೇ ಕೇಳುತ್ತಾರೆ. ಲೆಕ್ಕ ಇರುವುದು ವರ್ಷದಲ್ಲಿ. ಒಂದೂವರೆ ವರ್ಷ ಸಾಮಾನ್ಯ, ಎರಡಾದರೆ ಬೇಸರಿಸಬೇಡಿ. ಮುಂದಿನ ತಿಂಗಳ ಭರ್ತಿಗೆ ಈ ತಿಂಗಳು ಲೇಸರ್‌ನಿಂದ ತೆಗೆಸಿಕೊಳ್ಳುವ ಉಪಾಯ ಯಾರ ಹತ್ತಿರವೂ ಇಲ್ಲ.

ಇಷ್ಟು ಕಾಲ ಯಾಕೆ ಹಿಡಿಯುತ್ತದೆ ಎನ್ನುವುದು ಗೊತ್ತಾದರೆ ಉಳಿದ ಅರ್ಧ ಪ್ರಶ್ನೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಸೂಜಿ ಶಾಯಿಯನ್ನು ಒಂದರಿಂದ ಎರಡು ಮಿಲಿಮೀಟರ್ ಆಳಕ್ಕೆ, ಒಳಚರ್ಮಕ್ಕೆ ಇಳಿಸಿರುತ್ತದೆ. ಹೊರಚರ್ಮ ಸವೆದು ಸವೆದು ಹೊಸದಾಗುತ್ತ ಇರುತ್ತದೆ, ಒಳಚರ್ಮ ಹಾಗಲ್ಲ. ಅಲ್ಲಿ ಬಿದ್ದ ಶಾಯಿಯನ್ನು ಮ್ಯಾಕ್ರೊಫೇಜ್ ಎಂಬ, ಕಸ ನುಂಗುವುದೇ ಕೆಲಸವಾದ ಜೀವಕೋಶಗಳು ನುಂಗಿ ಕೂರುತ್ತವೆ. ನುಂಗುತ್ತವೆ, ಅರಗಿಸಿಕೊಳ್ಳಲಾರವು. ಒಂದು ಕೋಶ ಸತ್ತು ಶಾಯಿ ಹೊರಗೆ ಬಿದ್ದರೆ ಹೊಸದೊಂದು ಬಂದು ಅದನ್ನೇ ನುಂಗುತ್ತದೆ. ಫ್ರಾನ್ಸಿನ ಸಂಶೋಧಕರು 2018ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಹಚ್ಚೆ ಜೀವಮಾನವಿಡೀ ನಿಲ್ಲುವುದು ಈ ಕೈ ಬದಲಾವಣೆಯಿಂದ.

ಲೇಸರ್ ಈ ಶಾಯಿಯನ್ನು ಅಳಿಸುವುದಿಲ್ಲ, ಒಡೆಯುತ್ತದೆ. ಅಂಗಳದಲ್ಲಿ ದೊಡ್ಡ ಚಿರೇಕಲ್ಲು ಬಿದ್ದಿದೆ ಎಂದುಕೊಳ್ಳಿ. ಸುತ್ತಿಗೆ ಏಟಿಗೆ ಅದು ಚೂರಾಗುತ್ತದೆ, ಆದರೆ ಚೂರನ್ನು ಬುಟ್ಟಿಯಲ್ಲಿ ಹೊತ್ತು ಸಾಗಿಸುವವರು ಬೇರೆ. ಸುತ್ತಿಗೆ ಕ್ಲಿನಿಕ್‌ನದು, ಹೊರುವ ಆಳುಗಳು ನಿಮ್ಮ ಮೈಯೊಳಗಿನವರು. ಒಂದು ಸಿಟ್ಟಿಂಗ್‌ನ ಚೂರುಗಳನ್ನು ದುಗ್ಧನಾಳಗಳ, ಅಂದರೆ ಲಿಂಫ್ ಹರಿಯುವ ಸಣ್ಣ ಕೊಳವೆಗಳ ಮೂಲಕ ಸಾಗಿಸಲು ಅವರಿಗೆ ವಾರಗಟ್ಟಲೆ ಬೇಕು. ಅದಕ್ಕೇ ಎರಡು ಸಿಟ್ಟಿಂಗ್ ನಡುವೆ ಆರರಿಂದ ಎಂಟು ವಾರದ ಅಂತರ. ನಮ್ಮ ಕಂದು ಚರ್ಮಕ್ಕೆ ಎಂಟೇ ಇರಲಿ. ದುಡ್ಡು ಹೆಚ್ಚು ಕೊಟ್ಟು ಹದಿನೈದು ದಿನಕ್ಕೊಮ್ಮೆ ಹೊಡೆಸಿಕೊಂಡರೆ ಹೊರುವವರ ವೇಗ ಹೆಚ್ಚುವುದಿಲ್ಲ, ಚರ್ಮ ಮಾತ್ರ ಸುಡುತ್ತದೆ.

ಭರ್ತಿಗೆ ಹೊರಟವರು ಲೇಸರ್ ಹುಡುಕುವ ಮೊದಲು ಅಧಿಸೂಚನೆ ಓದಿ. ಮುಂಗೈಯ ಒಳಮೈ, ಅಂದರೆ ಮೊಣಕೈ ಒಳಭಾಗದಿಂದ ಮಣಿಕಟ್ಟಿನವರೆಗೆ, ಮತ್ತು ಅಂಗೈಯ ಹಿಂಬದಿ, ಇಷ್ಟು ಕಡೆ ಕಾಯಂ ಹಚ್ಚೆಗೆ ಅವಕಾಶ ಇದೆ ಎಂದು ನೌಕಾಪಡೆಯ ಅಗ್ನಿವೀರ ಅಧಿಸೂಚನೆಗಳಲ್ಲಿ ಬರೆದಿರುತ್ತದೆ. ಬೇರೆ ಕಡೆ ಇದ್ದರೆ ಇಲ್ಲ. ಬುಡಕಟ್ಟು ಸಮುದಾಯದವರ ಸಂಪ್ರದಾಯದ ಹಚ್ಚೆಯನ್ನು ಪ್ರತ್ಯೇಕವಾಗಿ ಪರಿಶೀಲಿಸುತ್ತಾರೆ. ಮುಂಗೈ ಒಳಗಡೆ ಬರೆಸಿಕೊಂಡ ಅಮ್ಮನ ಹೆಸರನ್ನು ಹೆದರಿ ಸುಡಿಸಿಕೊಂಡು, ಇಲ್ಲದ ಗಾಯದ ಕಲೆಯನ್ನು ವೈದ್ಯಕೀಯ ತಪಾಸಣೆಗೆ ಹೊತ್ತೊಯ್ಯುವುದು ಯಾವ ಲಾಭಕ್ಕೆ? ನಿಮ್ಮ ವರ್ಷದ ಅಧಿಸೂಚನೆಯಲ್ಲಿ ಆ ಸಾಲು ಹೇಗಿದೆ ನೋಡಿ, ಆಮೇಲೆ ತೀರ್ಮಾನ. ತೋಳು, ಹೆಗಲು, ಕುತ್ತಿಗೆಯಲ್ಲಿದ್ದರೆ ಮಾತ್ರ ಚಿಂತೆ, ಅದೂ ಎರಡು ವರ್ಷ ಮುಂಚೆ.

ಎಷ್ಟು ಸಿಟ್ಟಿಂಗ್ ಬೇಕೆಂದು ಅಂದಾಜಿಸಲು ಚರ್ಮತಜ್ಞರು 2009ರಲ್ಲಿ ಬಂದ ಕರ್ಬಿ-ದೇಸಾಯಿ ಅಳತೆಯನ್ನು ಬಳಸುತ್ತಾರೆ. ಮನೆಯಲ್ಲೇ ಲೆಕ್ಕ ಹಾಕಬಹುದು. ಚರ್ಮದ ಬಣ್ಣಕ್ಕೆ 1ರಿಂದ 6 ಅಂಕ. ನಮ್ಮಲ್ಲಿ ಹೆಚ್ಚಿನವರು 4 ಅಥವಾ 5. ಜಾಗಕ್ಕೆ 1ರಿಂದ 5: ತಲೆ-ಕುತ್ತಿಗೆಗೆ 1, ಎದೆ ಮತ್ತು ಬೆನ್ನಿನ ಮೇಲ್ಭಾಗಕ್ಕೆ 2, ಸೊಂಟದ ಕಡೆ 3, ತೋಳು-ತೊಡೆಗೆ 4, ಮುಂಗೈ-ಮೊಣಕಾಲ ಕೆಳಗೆ 5. ಹೃದಯದಿಂದ ದೂರ ಹೋದಷ್ಟೂ ರಕ್ತ ಮತ್ತು ದುಗ್ಧರಸದ ಓಡಾಟ ಮಂದ, ಹಾಗಾಗಿ ಅಂಕ ಹೆಚ್ಚು. ಬಣ್ಣ: ಕಪ್ಪೊಂದೇ ಆದರೆ 1, ಸ್ವಲ್ಪ ಕೆಂಪು ಸೇರಿದರೆ 2, ಹಲವು ಬಣ್ಣಕ್ಕೆ 4ರವರೆಗೆ. ಶಾಯಿಯ ಪ್ರಮಾಣ: ಕೈಗಸುಬಿನ (ವೃತ್ತಿಪರರಲ್ಲದವರು ಹಾಕಿದ) ಹಚ್ಚೆಗೆ 1, ದಟ್ಟವಾಗಿ ತುಂಬಿಸಿದ್ದಕ್ಕೆ 4. ಹಚ್ಚೆ ಹಾಕುವಾಗಲೇ ಚರ್ಮ ಉಬ್ಬಿ ಕಲೆಯಾಗಿದ್ದರೆ 5ರವರೆಗೆ. ಹಳೆಯ ಹಚ್ಚೆಯ ಮೇಲೆ ಇನ್ನೊಂದು ಹಾಕಿಸಿದ್ದರೆ ಮತ್ತೆ 2. ಒಟ್ಟು ಕೂಡಿಸಿದರೆ ಬರುವುದೇ ಹೆಚ್ಚುಕಡಿಮೆ ಸಿಟ್ಟಿಂಗ್ ಸಂಖ್ಯೆ.

ಶಿರಸಿಯ ಮಾರಿಜಾತ್ರೆ ಪೇಟೆಯಲ್ಲಿ ತೋಳಿಗೆ ಹಾಕಿಸಿಕೊಂಡ ಒಂದು ಹೆಸರು ಅಂತಿಟ್ಟುಕೊಳ್ಳಿ. ಚರ್ಮ 5, ತೋಳು 4, ಕಪ್ಪು 1, ಕೈಗಸುಬು 1. ಒಟ್ಟು 11. ಹನ್ನೊಂದು ಸಿಟ್ಟಿಂಗ್ ನಡುವೆ ಹತ್ತು ಅಂತರ, ಅಂತರಕ್ಕೆ ಎಂಟು ವಾರ: ಎಂಬತ್ತು ವಾರ. ಅದೇ ತೋಳಿನಲ್ಲಿ ಸ್ಟುಡಿಯೊದ ಕಪ್ಪು-ಕೆಂಪು ಗುಲಾಬಿಯಾದರೆ 5, 4, 2, 3 ಸೇರಿ 14. ಜಾತ್ರೆಯಲ್ಲಿ ಹಾಕಿಸಿದ್ದು ಅಂದಗೆಟ್ಟಿದ್ದರೂ ಬೇಗ ಹೋಗುತ್ತದೆ, ದುಬಾರಿ ಸ್ಟುಡಿಯೊದ್ದು ತಡವಾಗಿ. ಜಾತ್ರೆಯ ಹಚ್ಚೆಯವರಿಗೆ ಇನ್ನೊಂದು ಮಾತು: ಸೂಜಿ ಬದಲಿಸಿದ್ದು ನೆನಪಿಲ್ಲದಿದ್ದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಕ್ತಪರೀಕ್ಷೆಯನ್ನು ಒಮ್ಮೆ ಮಾಡಿಸಿ. ಅದು ಲೇಸರ್‌ಗಿಂತ ಮುಖ್ಯ.

ಬೀಡಿ-ಸಿಗರೇಟು ಸೇದುವವರಿಗೆ ಈ ಲೆಕ್ಕ ಹಿಡಿಸುವುದಿಲ್ಲ. ಇಟಲಿಯಲ್ಲಿ 352 ಜನರನ್ನು ಹಿಂಬಾಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ಸಿಟ್ಟಿಂಗ್‌ಗೆ ಹಚ್ಚೆ ಹೋದದ್ದು ಸುಮಾರು ಶೇ. 47 ಮಂದಿಗೆ, ಹದಿನೈದಕ್ಕೆ ಶೇ. 75 ಮಂದಿಗೆ. ಹತ್ತು ಸಿಟ್ಟಿಂಗ್‌ನೊಳಗೆ ಹೋಗುವ ಸಾಧ್ಯತೆ ಸೇದುವವರಲ್ಲಿ ಸುಮಾರು ಶೇ. 70ರಷ್ಟು ಕಡಿಮೆ ಇತ್ತು.

ಯಂತ್ರದ ವಿಷಯ. ಕಪ್ಪು ಮತ್ತು ಕಡುನೀಲಿಗೆ ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಲೇಸರ್‌ನ 1064 ನ್ಯಾನೊಮೀಟರ್ ತರಂಗಾಂತರದ ಬೆಳಕು. ನಮ್ಮ ಚರ್ಮಕ್ಕೆ ಕಂದು ಬಣ್ಣ ಕೊಡುವ ಮೆಲನಿನ್ ಈ ಬೆಳಕನ್ನು ಕಡಿಮೆ ಹೀರುತ್ತದೆ, ಆದ್ದರಿಂದ ಇದೇ ಸುರಕ್ಷಿತ. ಕೆಂಪು, ಕಿತ್ತಳೆಗೆ ಅದೇ ಯಂತ್ರದ 532. ಇದನ್ನು ಮೆಲನಿನ್ ಕೂಡ ಹೀರಿಕೊಳ್ಳುವುದರಿಂದ ಹಚ್ಚೆಯ ಆಕಾರದಲ್ಲೇ ಬಿಳಿ ಮಚ್ಚೆ ಉಳಿಯುವ ಭಯವಿದೆ. ಹಸಿರಿಗೆ ಬೇಕಾದದ್ದು 755ರ ಅಲೆಕ್ಸಾಂಡ್ರೈಟ್ ಅಥವಾ 694ರ ರೂಬಿ. ಒಂದೇ ಯಂತ್ರದಿಂದ ಎಲ್ಲ ಬಣ್ಣ ತೆಗೆಯುತ್ತೇವೆ ಎಂದವರಿಗೆ ನಿಮ್ಮ ಹಸಿರು ಎಲೆಯನ್ನು ತೋರಿಸಿ ಏನೆನ್ನುತ್ತಾರೆ ಕೇಳಿ. ಈ ಬೆಳಕು ಚರ್ಮಕ್ಕೆ ತಾಗುವುದು ಕೆಲವೇ ನ್ಯಾನೊಸೆಕೆಂಡ್; ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಶಾಯಿ ಕಾದು ಸಿಡಿಯುತ್ತದೆ, ಸುತ್ತಲಿನ ಚರ್ಮಕ್ಕೆ ಬಿಸಿ ಹಬ್ಬುವ ಮೊದಲೇ ಬೆಳಕು ನಿಂತಿರುತ್ತದೆ. ಪಿಕೋ ಲೇಸರ್‌ನ ಬೆಳಕು ನಿಲ್ಲುವುದು ಇನ್ನೂ ಚುಟುಕು ಹೊತ್ತು. ಕೆಲವು ಬಣ್ಣಗಳಿಗೆ ಸಿಟ್ಟಿಂಗ್ ಕಡಿಮೆಯಾಗಬಹುದು, ಬೆಲೆಯಂತೂ ಹೆಚ್ಚೇ. ಕೂದಲು ತೆಗೆಯುವ ಲೇಸರ್ ಅಥವಾ ಐಪಿಎಲ್ (ಪಾರ್ಲರ್‌ಗಳ ತೀವ್ರ ಬೆಳಕಿನ ಯಂತ್ರ) ಮಾತ್ರ ಹಚ್ಚೆಯ ಮೇಲೆ ಬೇಡವೇ ಬೇಡ. ಅದರ ಬೆಳಕು ಮಿಲಿಸೆಕೆಂಡುಗಟ್ಟಲೆ ನಿಲ್ಲುತ್ತದೆ. ಶಾಯಿ ಒಡೆಯದು, ಕೆಂಡದ ಹಾಗೆ ಕಾದು ಸುತ್ತಲನ್ನು ಸುಡುತ್ತದೆ. ಬ್ಯೂಟಿ ಪಾರ್ಲರ್‌ಗಳಲ್ಲಿ ಆಗುವ ಸುಟ್ಟಗಾಯಗಳಿಗೆ ಇದೂ ಒಂದು ಕಾರಣ.

ಸಿಟ್ಟಿಂಗ್ ದಿನ ಹೀಗೆ. ಲಿಡೊಕೇನ್-ಪ್ರಿಲೊಕೇನ್ ಎಂಬ ಮರಗಟ್ಟಿಸುವ ಮುಲಾಮನ್ನು ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಮುಕ್ಕಾಲರಿಂದ ಒಂದು ತಾಸು ಕೂರಿಸುತ್ತಾರೆ. ಆ ತರಂಗಾಂತರಕ್ಕೆಂದೇ ಇರುವ ಕನ್ನಡಕ ನಿಮ್ಮ ಕಣ್ಣಿಗೂ ಬೇಕು. 1064ರ ಬೆಳಕು ಕಾಣಿಸುವುದಿಲ್ಲ, ಕಣ್ಣಿನ ರೆಟಿನಾವನ್ನು ಸುಡಬಲ್ಲದು. ಕನ್ನಡಕ ಕೊಡದಿದ್ದರೆ ಎದ್ದು ಬನ್ನಿ. ನೋವು ಒಗ್ಗರಣೆಯ ಸಾಸಿವೆ ಕೈಗೆ ಸಿಡಿದ ಹಾಗೆ, ಸಾಲಾಗಿ. ಬೆಳಕು ತಾಗಿದ ಕೂಡಲೇ ಶಾಯಿಯ ಗೆರೆ ಬಿಳಿಯಾಗುತ್ತದೆ. ಹಚ್ಚೆ ಹೋಯಿತೆಂದು ಜನ ಫೋಟೊ ತೆಗೆದುಕೊಳ್ಳುವುದು ಆಗಲೇ. ಅದು ಚರ್ಮದೊಳಗೆ ಎದ್ದ ಅನಿಲದ ಗುಳ್ಳೆ. ಅರ್ಧ ತಾಸಿನೊಳಗೆ ಬಿಳಿ ಇಳಿದು ಹಳೆಯ ಹೆಸರು ಮೊದಲಿನಂತೇ ಕಾಣುತ್ತದೆ. ಮಾಸುವುದು ಮುಂದಿನ ವಾರಗಳಲ್ಲಿ, ನಿಧಾನಕ್ಕೆ.

ಮನೆಗೆ ಬಂದ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹತ್ತು ನಿಮಿಷ, ಆಮೇಲೆ ವ್ಯಾಸಲೀನ್, ಗಾಯಕ್ಕೆ ಅಂಟಿಕೊಳ್ಳದ ಬ್ಯಾಂಡೇಜ್ ಬಟ್ಟೆ. ಒಂದೆರಡು ದಿನದಲ್ಲಿ ಬೊಕ್ಕೆ ಏಳಬಹುದು, ಒಡೆಯಬೇಡಿ. ಹಕ್ಕಳೆ ಒಂದೆರಡು ವಾರದಲ್ಲಿ ತಾನೇ ಉದುರಬೇಕು; ಉಗುರಿನಿಂದ ಕಿತ್ತ ಜಾಗದಲ್ಲೇ ಕಲೆ ನಿಲ್ಲುತ್ತದೆ. ಕೆಂಪು ಹರಡುತ್ತ ಹೋದರೆ, ಕೀವು ಅಥವಾ ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಕರಾವಳಿಯಲ್ಲಿ ನಿಜವಾದ ವೈರಿ ಬಿಸಿಲು. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಲೇಸರ್ ಹೊಡೆದರೆ ಅದು ಶಾಯಿಗೆ ತಾಗುವ ಮೊದಲು ಮೆಲನಿನ್‌ಗೆ ತಾಗುತ್ತದೆ. ದೋಣಿ ಕೆಲಸದವರಿಗೆ ಇನ್ನೊಂದು ತೊಡಕು: ಹಸಿ ಗಾಯಕ್ಕೆ ಉಪ್ಪುನೀರು, ಮೀನಿನ ಮುಳ್ಳು ತಾಗಿದರೆ ಕೆಟ್ಟ ಸೋಂಕು ಆಗಬಹುದು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಮೊದಲ ಸಿಟ್ಟಿಂಗ್‌ಗೆ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಜೂನ್ ಮೊದಲ ವಾರ ಒಂದು, ಜುಲೈ ಕೊನೆಗೆ ಸ್ವಲ್ಪ ಮುಂಚೆ ಇನ್ನೊಂದು, ಹೀಗೆ ಎರಡು ಹೊಂದಿಸಬಹುದು. ಎರಡನೆಯದಾದ ಮೇಲೆ ಎರಡು ವಾರ ಕಳೆದೇ ನೀರಿಗಿಳಿಯಿರಿ. ಘಟ್ಟದ ಮೇಲಿನವರು ಅಡಿಕೆ ಸುಲಿಯುವ ದಿನಗಳನ್ನು ಬಿಟ್ಟು ಗೊತ್ತುಮಾಡಿ. ಮಳೆ ನಿಂತ ಮೇಲೆ ಗಾಯ ಪೂರ್ತಿ ಮಾಗಿದ್ದರೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್, ಇಲ್ಲವೇ ಉದ್ದ ತೋಳಿನ ಅಂಗಿ. ಅಂಗಿಯೇ ವಾಸಿ, ಬೆವರಿಗೆ ಇಳಿದುಹೋಗುವುದಿಲ್ಲ.

ಹುಬ್ಬಿನ ವಿಷಯ ಬೇರೆಯೇ. ಹುಬ್ಬು, ತುಟಿಗೆ ಹಾಕುವ ಕಂದು, ಗುಲಾಬಿ, ಚರ್ಮದ ಬಣ್ಣದ ಶಾಯಿಗಳಲ್ಲಿ ಐರನ್ ಆಕ್ಸೈಡ್, ಟೈಟಾನಿಯಮ್ ಡೈಆಕ್ಸೈಡ್ ಇರುತ್ತವೆ. ಲೇಸರ್ ತಾಗಿದ ಕ್ಷಣ ಇವು ರಾಸಾಯನಿಕವಾಗಿ ಬದಲಾಗಿ ಬೂದು ಅಥವಾ ಕಪ್ಪಾಗಬಹುದು. ತೆಳು ಕಂದು ಹುಬ್ಬು ತೆಗೆಸಲು ಹೋಗಿ ಕಾಡಿಗೆ ಬಳಿದಂಥ ಹುಬ್ಬಿನೊಂದಿಗೆ ಮರಳಬೇಕಾಗಬಹುದು. ಹಾಗಾಗಿ ಕಾಣದ ಮೂಲೆಯಲ್ಲಿ ಒಂದು ಚುಕ್ಕಿ ಪರೀಕ್ಷೆ ಮಾಡಿಸಿ, ನಾಲ್ಕಾರು ವಾರ ಕಾದು, ಮುಂದೆ ಹೋಗಿ. ಕೆಂಪು ಶಾಯಿಯ ಜಾಗ ಉಬ್ಬಿ ತುರಿಸುತ್ತಿದ್ದರೆ ಅದು ಹೆಚ್ಚಾಗಿ ಅಲರ್ಜಿ. ಲೇಸರ್‌ನಿಂದ ಚೂರಾದ ಶಾಯಿ ಮೈಯೆಲ್ಲ ಹರಡಿ ಅಲರ್ಜಿಯೂ ಹರಡಬಹುದು. ಮೊದಲೇ ಹೇಳಿಬಿಡಿ. ಗರ್ಭಿಣಿಯರು ಹೆರಿಗೆಯ ತನಕ ಮುಂದೂಡುವುದು ರೂಢಿ.

ಹಳೆಯ ತಲೆಮಾರಿನ ಹೆಂಗಸರ ಕೈಮೇಲೆ ಕೊರವಂಜಿಯರು ಚುಚ್ಚಿದ ಹಚ್ಚೆ ದೀಪದ ಮಸಿಯದು, ಹೆಚ್ಚಿನಂಶ ಇಂಗಾಲ. ಲೇಸರ್‌ಗೆ ಸುಲಭವಾಗಿ ಬಗ್ಗುವುದು ಅದೇ. ಅದನ್ನು ತೆಗೆಸಬೇಕೆಂದು ಕೇಳುವವರು ಮಾತ್ರ ಬಹಳ ಕಡಿಮೆ.

ಒಂದೇ ದಿನದಲ್ಲಿ ಮುಗಿಸುವ ದಾರಿ ಶಸ್ತ್ರಚಿಕಿತ್ಸೆ. ಹಚ್ಚೆ ಇರುವ ಚರ್ಮವನ್ನು ದೋಣಿಯಾಕಾರದಲ್ಲಿ ಕತ್ತರಿಸಿ ಹೊಲಿಯುತ್ತಾರೆ. ಹೊಲಿಗೆ ಮಟ್ಟಸವಾಗಿ ಕೂರಬೇಕೆಂದರೆ ಅಗಲದ ಮೂರು ಪಟ್ಟು ಉದ್ದ ಕತ್ತರಿಸಬೇಕು. ಎರಡು ಸೆಂಟಿಮೀಟರ್ ಅಗಲದ ಅಕ್ಷರಕ್ಕೆ ಆರು ಸೆಂಟಿಮೀಟರ್ ಗೆರೆ. ಕೈಕಾಲಿನ ಹೊಲಿಗೆ ಬಿಚ್ಚುವುದು ಹತ್ತರಿಂದ ಹದಿನಾಲ್ಕು ದಿನಕ್ಕೆ. ಚಿಕ್ಕ ಹಚ್ಚೆಗೆ, ಚರ್ಮ ಸಡಿಲವಿರುವ ಜಾಗಕ್ಕೆ ಇದು ಒಳ್ಳೆಯ ಆಯ್ಕೆ. ಗೆರೆ ಉಳಿಯುತ್ತದೆ, ಹೆಸರು ಉಳಿಯುವುದಿಲ್ಲ. ಎದೆ, ಹೆಗಲಲ್ಲಿ ಮಾತ್ರ ಎಚ್ಚರ: ಅಲ್ಲಿ ಗಾಯ ಕೀಲಾಯ್ಡ್ ಆಗಿ ಹಚ್ಚೆಗಿಂತ ದೊಡ್ಡದಾಗಿ ಬೆಳೆಯಬಹುದು. ಹಿಂದೆ ಕಿವಿ ಚುಚ್ಚಿದ ಕಡೆ ಗಂಟು ಕಟ್ಟಿದ್ದವರು ಅದನ್ನು ವೈದ್ಯರಿಗೆ ಹೇಳಲೇಬೇಕು.

ಇನ್ನು ಅಂಗಡಿಯ, ಆನ್‌ಲೈನಿನ ಕ್ರೀಮುಗಳು. ಒಳಚರ್ಮಕ್ಕೆ ತಲುಪದ ಕ್ರೀಮಿನಿಂದ ಶಾಯಿಗೆ ಏನೂ ಆಗದು. ತಲುಪುವಷ್ಟು ಆಸಿಡ್ ಇದ್ದರೆ ಚರ್ಮವೇ ಹೋಗುತ್ತದೆ. ಉಪ್ಪು ಹಾಕಿ ತಿಕ್ಕುವುದು, ಸುಣ್ಣ ಹಚ್ಚುವುದು, ನಮ್ಮ ಕಡೆಯ ಗೇರುಸೊನೆ, ಎಲ್ಲ ಇದೇ ಜಾತಿ. ಗೇರುಬೀಜದ ಸೊನೆ ಸಿಡಿದ ಜಾಗ ಹೇಗೆ ಬೊಕ್ಕೆ ಎದ್ದು ಕಪ್ಪಾಗುತ್ತದೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸೊನೆ ಹಚ್ಚಿಕೊಂಡು ಬಂದವರ ಕೈಯಲ್ಲಿ ಸುಟ್ಟ ಕಲೆ, ಕಲೆಯ ಅಡಿಯಲ್ಲಿ ಹಚ್ಚೆ. ಆಗ ಲೇಸರ್ ಲೆಕ್ಕಕ್ಕೆ ಇನ್ನೂ ಮೂರೋ ಐದೋ ಅಂಕ ಸೇರಿತು.

ಹಚ್ಚೆ ಬೇಡ ಅಂತಲ್ಲ, ಈ ಚಿತ್ರ ಬೇಡ ಅನ್ನುವವರಿಗೆ ಮೇಲೆ ಇನ್ನೊಂದು ಹಾಕಿಸುವುದೇ ಅಗ್ಗ. ಹೊಸದು ಹಳೆಯದಕ್ಕಿಂತ ದೊಡ್ಡದೂ ಗಾಢವೂ ಆಗಲೇಬೇಕು. ಮೊದಲು ಎರಡು ಮೂರು ಲೇಸರ್ ಸಿಟ್ಟಿಂಗ್‌ನಲ್ಲಿ ಮಾಸಿಸಿ, ಎಂಟು ವಾರ ಬಿಟ್ಟು ಹಾಕಿಸಿದರೆ ಕಲಾವಿದನ ಕೈಗೂ ಆಯ್ಕೆ ಸಿಗುತ್ತದೆ. ಅದೂ ಮನಸ್ಸಿಗೆ ಬರದಿದ್ದರೆ ಮುಂದೆ ತೆಗೆಸುವುದು ಇನ್ನಷ್ಟು ಕಷ್ಟ.

ಮೊದಲ ಭೇಟಿ ಚರ್ಮರೋಗ ತಜ್ಞರದ್ದಾಗಲಿ. ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದಲ್ಲೂ ತೋರಿಸಬಹುದು. ಲೇಸರ್‌ಗೆ ಹುಬ್ಬಳ್ಳಿಗೋ ಮಡಗಾಂವಿಗೋ ಹೋಗುವುದಾದರೆ ಹನ್ನೊಂದು ಸಲದ ಬಸ್ಸು-ರೈಲಿನ ಖರ್ಚು, ಹನ್ನೊಂದು ದಿನದ ರಜೆಯನ್ನೂ ಈಗಲೇ ಕೂಡಿಸಿಟ್ಟುಕೊಳ್ಳಿ. ದರ ಸಿಟ್ಟಿಂಗ್‌ಗೋ ಚದರ ಇಂಚಿಗೋ ಕೇಳಿ. "ಐದು ಸಿಟ್ಟಿಂಗ್‌ನಲ್ಲಿ ಗ್ಯಾರಂಟಿ" ಎಂಬ ಪ್ಯಾಕೇಜಿಗೆ ಮುಂಗಡ ಕೊಡಬೇಡಿ. ಪ್ರತಿ ಸಿಟ್ಟಿಂಗ್‌ಗೆ ಮುಂಚೆ, ಒಂದೇ ಕಿಟಕಿಯ ಬೆಳಕಿನಲ್ಲಿ, ಪಕ್ಕಕ್ಕೆ ಸ್ಕೇಲು ಇಟ್ಟು ಫೋಟೊ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಮಾಸಿದ್ದು ತಿಳಿಯುವುದಿಲ್ಲ. ನಾಲ್ಕನೆಯ ಫೋಟೊವನ್ನು ಮೊದಲಿನದರ ಪಕ್ಕದಲ್ಲಿ ಇಟ್ಟಾಗಲೂ ವ್ಯತ್ಯಾಸ ಕಾಣದಿದ್ದರೆ, ಐದನೆಯದಕ್ಕೆ ದುಡ್ಡು ಕಟ್ಟುವ ಮೊದಲು ಇನ್ನೊಬ್ಬ ವೈದ್ಯರಿಗೆ ತೋರಿಸಿ.