ಲಡ್ಲೋ: ಸಂತೆಯನ್ನೇ ನುಂಗಿದ ಮನೆಗಳು

ವೇಲ್ಸ್ ಗಡಿಯ ಬಳಿ ಇಂಗ್ಲೆಂಡಿನ ಸಂತೆಯೂರು ಲಡ್ಲೋ. ಅಲ್ಲಿಗೆ ಹೋಗುವುದಾದರೆ ಮಂಗಳವಾರ ಬೇಡ. ಸಂತೆ ಕೂಡುವುದು ಸೋಮ, ಬುಧ, ಶುಕ್ರ, ಶನಿವಾರಗಳಲ್ಲಿ. ಲಂಡನ್ನಿನಿಂದ ನೇರ ರೈಲಿಲ್ಲ. ಶ್ರೂಸ್‌ಬರಿಯಲ್ಲಿ ಇಳಿದು ಹೆರಿಫರ್ಡ್ ಕಡೆಯ ಗಾಡಿ ಹತ್ತಿದರೆ ಅರ್ಧ ಗಂಟೆಯ ದಾರಿ. ನಿಲ್ದಾಣದಿಂದ ಪೇಟೆಗೆ ಏರು ಹತ್ತಬೇಕು, ಭಾರದ ಚೀಲವಿದ್ದರೆ ಏದುಸಿರು ಖಂಡಿತ.

ಊರು ಹುಟ್ಟಿದ್ದು ಕೋಟೆಯ ನೆರಳಲ್ಲಿ. ವೇಲ್ಸ್ ಗಡಿಯ ಕಾವಲಿಗೆಂದು 11ನೇ ಶತಮಾನದ ಕೊನೆಗೆ ಡಿ ಲೇಸಿ ಮನೆತನ ಟೀಮ್ ನದಿಯ ದಿಣ್ಣೆಯ ಮೇಲೆ ಅದನ್ನು ಕಟ್ಟಿತು. 12ನೇ ಶತಮಾನದಲ್ಲಿ ಕೋಟೆ ಬಾಗಿಲಿನಿಂದ ಪೂರ್ವಕ್ಕೆ ಅಗಲವಾದ ಸಂತೆಬೀದಿ ಹಾಕಿದರು. ಅದರ ಅಂಚಿನ ನಿವೇಶನಗಳಿಗೆ ಮುಖ ಕಿರಿದು, ಹಿತ್ತಿಲು ಉದ್ದ: ಎಲ್ಲರಿಗೂ ಬೀದಿಗೆ ಬಾಗಿಲು ಬೇಕಿತ್ತಲ್ಲ!

ಆಮೇಲೆ ಆದದ್ದು ನಮ್ಮ ಊರುಗಳಲ್ಲೂ ಆಗುವಂಥದ್ದೇ. ಸಂಜೆ ಬಿಚ್ಚಬೇಕಿದ್ದ ಅಂಗಡಿಗಳು ಅಲ್ಲೇ ನಿಂತವು, ಮರದ ಚೌಕಟ್ಟಿನ ಮನೆಗಳಾದವು. ಒಂದು ಬೀದಿಯ ಜಾಗದಲ್ಲಿ ಅಕ್ಕಪಕ್ಕದ ಸಣ್ಣ ಓಣಿಗಳು ಉಳಿದವು. ಉಳಿದಿದ್ದ ಬಯಲಲ್ಲೂ ವಿಕ್ಟೋರಿಯಾ ಕಾಲದಲ್ಲೊಂದು ಕಟ್ಟಡ ಎದ್ದಿತ್ತು. 1986ರಲ್ಲಿ ಅದನ್ನು ಕೆಡವಿದ ಮೇಲೆಯೇ ಈಗಿನ ಚೌಕ ತೆರೆದದ್ದು.

ಈ ಒತ್ತುವರಿಯಿಂದಾಗಿ ಸೇಂಟ್ ಲಾರೆನ್ಸ್ ಚರ್ಚು ಬೀದಿಗೆ ಕಾಣುವುದೇ ಇಲ್ಲ. ಹೊಲಗಳಾಚೆಯಿಂದ ಎದ್ದು ಕಾಣುವ 41 ಮೀಟರ್ ಎತ್ತರದ ಗೋಪುರ ಊರೊಳಗೆ ಬಂದರೆ ಮಾಯ. ಬಟರ್‌ಕ್ರಾಸ್ ಎಂಬ 1740ರ ದಶಕದ ಕಲ್ಲುಕಟ್ಟಡದ ಪಕ್ಕದ ಓಣಿ ಹಿಡಿಯಬೇಕು. ಹಿಂದೆ ಅದರ ಕಮಾನುಗಳ ಕೆಳಗೆ ಬೆಣ್ಣೆ ಮಾರುತ್ತಿದ್ದರು.

ಚರ್ಚಿನಲ್ಲಿ ಗೋಪುರಕ್ಕಿಂತ ಮೊದಲು ಗಾಯಕರ ಪೀಠಗಳನ್ನು ನೋಡಿ. ಮಡಚುವ ಹಲಗೆಯ ಅಡಿಯಲ್ಲಿ ಪುಟ್ಟ ಚಾಚು: ಗಂಟೆಗಟ್ಟಲೆ ನಿಂತ ಗಾಯಕರು ಹಲಗೆ ಎತ್ತಿ ಅದಕ್ಕೆ ಒರಗುತ್ತಿದ್ದರು. ಅಂಥ 28 ಮಧ್ಯಯುಗದ ಕೆತ್ತನೆಗಳಲ್ಲಿ ಒಂದು ಅಳತೆಯಲ್ಲಿ ಮೋಸ ಮಾಡಿದ ಏಲ್ (ಒಂದು ಬಗೆಯ ಬಿಯರ್) ಮಾರುವವಳದು. ಒಂದು ದೆವ್ವ ಅವಳನ್ನು ತಲೆಕೆಳಗಾಗಿ ಹೊತ್ತಿದೆ, ಅಳತೆಯ ಹೂಜಿ ಅವಳ ಕೈಯಲ್ಲೇ ಇದೆ. ಇನ್ನೊಂದು ಪಾಪದ ಪಟ್ಟಿ ಓದುತ್ತದೆ, ಮತ್ತೊಂದು ಬ್ಯಾಗ್‌ಪೈಪ್ ಊದುತ್ತದೆ. ಬಲಕ್ಕೆ ನರಕದ ಬಾಯಿ. ಸಂತೆಯೂರಿಗೆ ಇದಕ್ಕಿಂತ ತಕ್ಕ ಶಿಲ್ಪ ಯಾವುದು?

ಕೋಟೆಗೆ ಬೇರೆ ಟಿಕೆಟ್ಟು. ಒಳಗಿನ ದುಂಡು ಪ್ರಾರ್ಥನಾಮಂದಿರವನ್ನು ತಪ್ಪಿಸಬೇಡಿ. ಎಂಟನೆಯ ಹೆನ್ರಿಯ ಅಣ್ಣ ಆರ್ಥರ್ ಸತ್ತದ್ದು ಇಲ್ಲೇ, 1502ರಲ್ಲಿ. ಇಲ್ಲಿಂದಲೇ ಆಳುತ್ತಿದ್ದ ವೇಲ್ಸ್ ಗಡಿಯ ಆಡಳಿತ ಮಂಡಳಿ 1689ರಲ್ಲಿ ರದ್ದಾದ ಮೇಲೆ ಕೋಟೆ ಪಾಳುಬಿತ್ತು. 1811ರಲ್ಲಿ ಅರಸೊತ್ತಿಗೆಯಿಂದ ಕೊಂಡವನು ಪೊವಿಸ್ ಅರ್ಲ್ ಎಡ್ವರ್ಡ್ ಕ್ಲೈವ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು. ಟಿಪ್ಪುವಿನ ಡೇರೆ ಈಗಲೂ ಆ ಮನೆತನದ್ದಾಗಿದ್ದ ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ.