ಸ್ಪ್ಯಾನಿಷ್ ಆಜ್ಞೆಗಳು: ಮೊದಲು ಒತ್ತು, ಆಮೇಲೆ ಪಟ್ಟಿ

ನಾನು ಸ್ಪ್ಯಾನಿಷ್ ಹೇಳಿಕೊಡುವುದು ಕೆಲಸ ಮುಗಿಸಿ ದಣಿದು ಬರುವ ದೊಡ್ಡವರಿಗೆ. 'ಕುಳಿತುಕೊ', 'ಮಲಗಿಕೊ' ಎಂಬಂಥ ಆಜ್ಞೆಗಳ ಪಾಠಕ್ಕೆ ಬಂದಾಗ ಅವರ ಪುಸ್ತಕಗಳು ಮೂರು ನಿಯಮಗಳನ್ನು ಮುಂದಿಡುತ್ತವೆ: ಧಾತುವಿನ ಸ್ವರ ಬದಲಿಸಿ, ಸರ್ವನಾಮವನ್ನು ಕೊನೆಗೆ ಅಂಟಿಸಿ, ಸ್ವರದ ಮೇಲೆ ಗೀಟು ಎಳೆಯಿರಿ. ಇವನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಸ್ವರ ಬದಲಾಗುವುದಕ್ಕೂ ಗೀಟು ಬೀಳುವುದಕ್ಕೂ ಕಾರಣ ಒಂದೇ, ಉಚ್ಚಾರಣೆಯ ಒತ್ತು. ಆ ಒತ್ತು ಕಣ್ಣಿಗೆ ಕಾಣಲೆಂದು ಇಲ್ಲಿ ಅದು ಬೀಳುವ ಕಡೆ ದೀರ್ಘ ಸ್ವರ ಬರೆಯುತ್ತೇನೆ.

'ಸೆಂತಾರ್ಸೆ' ಎಂದರೆ ಕುಳಿತುಕೊಳ್ಳುವುದು. 'ಅವನು ಕುಳಿತುಕೊಳ್ಳುತ್ತಾನೆ' ಎನ್ನಲು 'ಸೆ ಸ್ಯೇಂತ'. ಒತ್ತು ಧಾತುವಿನ ಮೇಲೆ ಬಿದ್ದ ಕೂಡಲೇ 'ಎ' ಹೋಗಿ 'ಯೆ' ಬಂತು. ಆಪ್ತರಿಗೆ ಹೇಳುವಾಗ ಇದೇ ರೂಪವನ್ನು ಎತ್ತಿಕೊಂಡು, ಮುಂದಿನ 'ಸೆ' ಕಳಚಿ, ಹಿಂದೆ 'ತೆ' ಸೇರಿಸಿದರೆ ಆಯಿತು: ಸ್ಯೇಂತತೆ. ಹಾಗೆಯೇ ಅಕೊಸ್ತಾರ್ಸೆಯಿಂದ ಅಕ್ವೇಸ್ತತೆ (ಮಲಗಿಕೊ), ಬೆಸ್ತೀರ್ಸೆಯಿಂದ ಬೀಸ್ತೆತೆ (ಬಟ್ಟೆ ಹಾಕಿಕೊ). 'ಕೊ' ಕೊನೆಯಲ್ಲಿರುವ ಭಾಷೆಯಿಂದ ಬಂದ ನಮಗೆ ಈ ಜೋಡಣೆ ವಿಚಿತ್ರವೆನಿಸಬೇಕಾಗಿಲ್ಲ.

ಇನ್ನು ಗೀಟು. ಸ್ವರದಿಂದ ಮುಗಿಯುವ ಪದಕ್ಕೆ ಗೀಟಿಲ್ಲದಿದ್ದರೆ, ಒತ್ತು ಕೊನೆಯಿಂದ ಎರಡನೆಯ ಅಕ್ಷರದ್ದು. 'ತೆ' ಸೇರಿದ ಮೇಲೂ ಒತ್ತು ತನ್ನ ಜಾಗ ಬಿಡುವುದಿಲ್ಲ. ಅಕ್ಷರಗಳ ಲೆಕ್ಕದಲ್ಲಿ ಮಾತ್ರ ಮೂರನೆಯದಾಗಿಬಿಡುತ್ತದೆ. ಅದನ್ನು ಓದುಗನಿಗೆ ತಿಳಿಸುವುದಕ್ಕೇ ಗೀಟು.

ಅನುಮಾನವಿದ್ದವರು ಅರ್ಜೆಂಟೀನಾದ ಮಾತು ಕೇಳಬೇಕು. ಅಲ್ಲಿ 'ನೀನು' ಎನ್ನಲು 'ತು' ಬದಲು 'ಬೊಸ್' ಬಳಸುವವರು ಹೇಳುವುದು 'ಸೆಂತಾತೆ', 'ಅಕೊಸ್ತಾತೆ'. ಒತ್ತು ಧಾತುವಿನಿಂದ ಆಚೆ ಸರಿಯಿತು. ಸ್ವರವೂ ಬದಲಾಗಲಿಲ್ಲ, ಗೀಟೂ ಬೇಕಾಗಲಿಲ್ಲ. ಸ್ಪೇನಿನಲ್ಲಿ ಆಪ್ತರ ಗುಂಪಿಗೆ ಹೇಳುವ 'ಸೆಂತಾಒಸ್' ಕೂಡ ಹೀಗೆಯೇ, ಅಲ್ಲಿ 'ಸೆಂತಾದ್'ಗೆ 'ಒಸ್' ಸೇರುವಾಗ ನಡುವಿನ 'ದ್' ಬೇರೆ ಬಿದ್ದುಹೋಗಿದೆ. (ಆಡುಮಾತಿನಲ್ಲಿ 'ಸೆಂತಾರೊಸ್' ಧಾರಾಳವಾಗಿ ಕೇಳಿಸುತ್ತದೆ, ಬರವಣಿಗೆಯಲ್ಲಿ ಸಲ್ಲದು. 'ಹೊರಡಿ' ಎನ್ನುವ 'ಈರೊಸ್' ಒಂದಕ್ಕೆ ಮಾತ್ರ ಸ್ಪ್ಯಾನಿಷ್ ರಾಯಲ್ ಅಕಾಡೆಮಿ 2017ರಲ್ಲಿ ಮಣಿಯಿತು.)

ಈ ವಿವರಣೆಗೆ ಪೂರ್ತಿ ಬಗ್ಗದವು ಸ್ವರ ಬದಲಿಸುವ 'ಈರ್' ಅಂತ್ಯದ ಧಾತುಗಳು. 'ನಾವು ಕುಳಿತುಕೊಳ್ಳೋಣ' ಎನ್ನಲು ಸೆಂತೇಮೊನೊಸ್, ಸ್ವರ ಅಲುಗದು; 'ಸೆಂತೇಮೊಸ್'ಗೆ 'ನೊಸ್' ಕೂಡುವಾಗ ಒಂದು 'ಸ್' ಮಾತ್ರ ಲೋಪ. ಆದರೆ ಧಾತುವಿನ ಮೇಲೆ ಒತ್ತಿಲ್ಲದಿದ್ದರೂ 'ಎ' ಹೋಗಿ 'ಇ' ಬಂದು, 'ಬಟ್ಟೆ ಹಾಕಿಕೊಳ್ಳೋಣ' ಬಿಸ್ತಾಮೊನೊಸ್ ಆಗುತ್ತದೆ, ದಿಬೆರ್ತೀರ್ಸೆಯ 'ನಲಿಯೋಣ' ದಿಬಿರ್ತಾಮೊನೊಸ್ ಆಗುತ್ತದೆ. ಇವನ್ನು ಬಾಯಿಪಾಠ ಮಾಡಿಸಲು ನನಗೂ ತಕರಾರಿಲ್ಲ.

ನಿಜವಾಗಿ ತಲೆ ತಿನ್ನುವುದು 'ಸೆಂತೀರ್ಸೆ', ಅಂದರೆ ಭಾವಿಸಿಕೊಳ್ಳುವುದು. ಅದಕ್ಕೂ ಸೆಂತಾರ್ಸೆಗೂ ಆಜ್ಞೆಯಲ್ಲಿ ಒಂದು ಸ್ವರ ಬಿಟ್ಟರೆ ಒಂದೇ ಮುಖ. ಸ್ಯೇಂತತೆ ಎಂದರೆ 'ಕುಳಿತುಕೊ', ಸ್ಯೇಂತೆತೆ ಎಂದರೆ 'ಭಾವಿಸಿಕೊ'. ಗೌರವದ 'ಉಸ್ತೆದ್' (ನೀವು) ಬಂದರೆ ಸ್ವರಗಳು ಅದಲುಬದಲು: ಸ್ಯೇಂತೆಸೆ ಎಂದರೆ 'ಕುಳಿತುಕೊಳ್ಳಿ', ಸ್ಯೇಂತಸೆ ಎಂದರೆ 'ಭಾವಿಸಿಕೊಳ್ಳಿ'. ಅತಿಥಿಗೆ 'ನಿಮ್ಮ ಮನೆಯೆಂದೇ ತಿಳಿಯಿರಿ' ಎನ್ನುವಾಗ ಸ್ಪ್ಯಾನಿಷರು ಬಳಸುವುದು ಈ ಕೊನೆಯದನ್ನು. ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆಸಿ, ಬದಲಾಗುವ ಸ್ವರಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿಸುತ್ತೇನೆ. ಗಟ್ಟಿಯಾಗಿ ಓದಿಸುವುದು ಅದಾದ ಮೇಲೆ.